ಜಿಡ್ಡಿಗೆ ಜಿಡ್ಡಽ ಬಳಗ

ಅವರ ಬಲಗೈಯ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಮದುವೆಯಾಗಿ ಬಂದಂದಿನಿಂದ ದಿನಾ ಮುಂಜಾನೆ ತಣ್ಣೀರಿನಲ್ಲಿ ಬೆಣ್ಣೆ ತಟ್ಟಿ ತಟ್ಟಿ ಆ ಅಂಗೈ ಹೊಳೆದಂಡೆಯ ಕಲ್ಲಿನಂತೆ ನುಣ್ಣಗಾಗಿತ್ತು. ಬಿಳಿಚಿಕೊಂಡು, ಮೆತ್ತಗಾಗಿ, ಬೆಳಕಿಗೆ ಹಿಡಿದರೆ ಮಿರುಗುತ್ತಿತ್ತು. ಎಡಗೈ ಮಾತ್ರ ಎಲ್ಲ ಒಕ್ಕಲಗಿತ್ತಿಯರ ಕೈಯಂತೆ ಕಪ್ಪಗೆ, ಬಿರುಕು ಬಿಟ್ಟು, ಕುಡಗೋಲು ತಾಗಿದ ಗುರುತು ಹೊತ್ತಿತ್ತು. ಎರಡೂ ಕೈ ಮಡಿಲಲ್ಲಿಟ್ಟು ಕೂತರೆ ಯಾರದೋ ಒಂದು ಕೈ ಎರವಲು ತಂದಂತೆ ಕಾಣುತ್ತಿತ್ತು.

ಒಮ್ಮೆ ಓಣಿಗೆ ಕೈ ನೋಡುವವನೊಬ್ಬ ಬಂದಾಗ ಬೇಕಂತಲೇ ಆ ಬಲಗೈ ಚಾಚಿದ್ದರಂತೆ. ಅವನು ತಿರುಗಿಸಿ ಮುರುಗಿಸಿ ನೋಡಿ, "ಆಯಿ, ಇದರಾಗ ಏನೂ ಬರದಿಲ್ಲಲಾ" ಅಂದನಂತೆ.

"ಬರದದ್ದೆಲ್ಲಾ ಬೆಣ್ಣ್ಯಾಗ ಹೋಗೇತಪಾ. ಮಂದಿ ಉಂಡ ಬಿಟ್ಟಾರ" ಅಂದರಂತೆ ಇವರು.

ಓಣಿಯಲ್ಲಿ ಎಲ್ಲರಿಗೂ ಅವರು ಬೆಣ್ಣಿ ಆಯಿ. ನನಗೆ ಬರೀ ಆಯಿ. ಸಂಪಗಾಂವದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ.

ನಾನು ಸೊಸೆಯಾಗಿ ಬಂದ ಹೊಸತು. ತವರೂರು ರಾಮದುರ್ಗದಿಂದ ಗಂಡನ ಮೋಟರ್ ಸೈಕಲ್ಲಿನ ಹಿಂದೆ ಕೂತು ಬಂದವಳು ಮನೆ ಮುಂದೆ ಇಳಿಯುವಾಗ ಸೆರಗು ಚೈನಿಗೆ ಸಿಕ್ಕಿತು. ಬಿಡಿಸಿಕೊಳ್ಳುವಷ್ಟರಲ್ಲಿ ಮದುವೆಯ ಇಲಕಲ್ ಸೀರೆಯ ಮೇಲೆ ಅಂಗೈಯಗಲ ಕರೀ ಜಿಡ್ಡು. ಕಣ್ಣಲ್ಲಿ ನೀರು ಬಂತು. ಒಬ್ಬರು ಸಬಕಾರ ತಂದರು, ಇನ್ನೊಬ್ಬರು ಬಕೆಟ್ಟು ತಂದರು. ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಒಂದು ದನಿ ಬಂತು.

"ನೀರ ಮುಟ್ಟಸಬ್ಯಾಡ್ರಿ ಅದಕ್ಕ."

ಆಯಿ ಅಂಗೈಯಲ್ಲಿ ಲಿಂಬೆಹಣ್ಣಿನಷ್ಟು ಬೆಣ್ಣೆ ಹಿಡಿದುಕೊಂಡು ಬಂದರು. ನನ್ನೆದುರು ಕುಕ್ಕರಗಾಲಲ್ಲಿ ಕೂತು ಆ ಕಲೆಯ ಮೇಲೆ ಬೆಣ್ಣೆ ಹಚ್ಚಿ ಮೆಲ್ಲಗೆ ತಿಕ್ಕತೊಡಗಿದರು. "ಸೀರಿಗೂ ಬೆಣ್ಣಿ ತಿನಸಾಕ ಹತ್ಯಾಳ ನೋಡ್ರಿ ಮುದಕಿ" ಎಂದು ಯಾರೋ ನಕ್ಕರು.

"ಜಿಡ್ಡಿಗೆ ಜಿಡ್ಡಽ ಬಳಗ, ತಂಗಿ. ನೀರ ಕಂಡ್ರ ಅದು ಇನ್ನಷ್ಟ ಒಳಗ ಹೊಕ್ಕೋತೈತಿ. ಬೆಣ್ಣಿ ಕಂಡ್ರ ತಾನಽ ಎದ್ದ ಬರತೈತಿ, ತವರವರನ್ನ ಕಂಡ ಸೊಸಿ ಹಂಗ."

ಅಳುತ್ತಿದ್ದವಳು ನಕ್ಕುಬಿಟ್ಟೆ. ಕಲೆ ನಿಜವಾಗಿಯೂ ಎದ್ದು ಬಂದು ಅವರ ಬೆರಳುಗಳ ಸಂದಿಯಲ್ಲಿ ಕರ್ರಗೆ ಕೂತಿತು. ಮೇಲೆ ಸೀಗೆಪುಡಿ ಹಾಕಿ ಒಗೆದರು. ಆ ಸೀರೆ ಇವತ್ತಿಗೂ ಪೆಟ್ಟಿಗೆಯಲ್ಲಿದೆ, ಕಲೆ ಎಲ್ಲಿತ್ತೆಂದು ನನಗೇ ಹುಡುಕಲು ಬರುವುದಿಲ್ಲ.

ನನ್ನ ತಂದೆ ಶಾಲಾ ಮಾಸ್ತರರು. ಮನೆಯಲ್ಲೂ ಪಾಠ ಹೇಳಿದಂತೆಯೇ ಮಾತಾಡುವವರು. ನನ್ನದೂ ಅದೇ ಮಾತು. ಊರಿನ ಅಂಗನವಾಡಿಯಲ್ಲಿ ಕೆಲಸ ಸಿಕ್ಕ ಮೇಲೆ ಒಂದು ದಿನ ಮನೆ ಮುಂದೆ ನಿಂತ ತಾಯಂದಿರಿಗೆ, "ಮಕ್ಕಳಿಗೆ ಪೌಷ್ಟಿಕ ಆಹಾರ ಒದಗಿಸಬೇಕು" ಎಂದು ಹೇಳುತ್ತಿದ್ದೆ. ಅವರು ಹೋದ ಮೇಲೆ ಆಯಿ ಕಟ್ಟೆಗೆ ಬಂದು ಕೂತರು.

"ಒದಗಸೂದಂದ್ರ ಏನವ್ವಾ ಅದು? ಬಂಡಿ ಹೂಡತಿ ಏನ? ಕೂಸಿನ ಬಾಯಾಗ ಏನರ ಚಲೋದ ಇಡ್ರಿ ಅನ್ನು. ಮಾತಿಗೂ ಸ್ವಲ್ಪ ಜಿಡ್ಡ ಬೇಕ. ಇಲ್ಲಂದ್ರ ಒಣಾ ರೊಟ್ಟಿ ಹಂಗ ಗಂಟಲಾಗ ನಿಂದರತೈತಿ."

ಮರುದಿನದಿಂದ ನಾನು ಅವರ ಕಡಗೋಲಿನ ಶಾಲೆಗೆ ಸೇರಿದೆ. ಮುಂಜಾನೆ ಚಹಾ ಕುಡಿದು, ಅವರು ಮೊಸರು ಕಡೆಯುವ ಕಂಬದ ಬುಡದಲ್ಲಿ ಹೋಗಿ ಕೂತುಬಿಡುವುದು. ಹಗ್ಗ ಆಚೆ ಈಚೆ ಎಳೆಯುತ್ತ, ಗಡಿಗೆಯೊಳಗಿನ ಗುಮ್ಮ್ ಗುಮ್ಮ್ ಸದ್ದಿಗೆ ತಕ್ಕಂತೆ ಅವರು ಮಾತಾಡುತ್ತಿದ್ದರು. ಯಾರ ಮನೆಯ ಸೊಸೆ ಯಾಕೆ ಮುನಿದಳು, ಯಾವ ಎಮ್ಮೆಗೆ ಯಾಕೆ ಸಿಟ್ಟು, ತಮ್ಮ ತವರೂರು ಹೂಲಿಯಲ್ಲಿ ಒಡಕಲು ಗುಡಿಗಳ ನೆರಳಿನಲ್ಲಿ ದನ ಕಟ್ಟುತ್ತಿದ್ದ ಕಾಲದ ಸಂಗತಿ. ಒಂದು ಮಾತನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಿಟ್ಟು ಕೇಳುವವರಿಂದ ಪೂರ್ತಿ ಮಾಡಿಸಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ. ನಾಲ್ಕೈದು ವರ್ಷದಲ್ಲಿ "ಅಕ್ಕೋರ ಮಾತ ಕೇಳಾಕ ಚೆಂದ" ಎಂದು ಊರು ಅನ್ನತೊಡಗಿತು. ಆ ಚೆಂದವೆಲ್ಲ ಗೋಡೆಯಾಚೆಯದು.

ಅವರ ಬೆಣ್ಣೆಗೆ ಮೂರು ಪಾಲು. ಮೊದಲು ತೇಲಿದ ಉಂಡೆ ಸವದತ್ತಿಯ ಎಲ್ಲವ್ವನಿಗೆ ಮೀಸಲು. ಅದನ್ನು ಕಾಸಿ ಪುಟ್ಟ ಗಡಿಗೆಯಲ್ಲಿಟ್ಟು ಹುಣ್ಣಿಮೆಗೆ ಗುಡ್ಡಕ್ಕೆ ಒಯ್ಯುತ್ತಿದ್ದರು. ನಡುವಿನ ಉಂಡೆಗಳು ಮುತ್ತಲೆಲೆಯಲ್ಲಿ ಕೂತು ಬೈಲಹೊಂಗಲದ ಸಂತೆಗೂ ಓಣಿಯ ಮನೆಗಳಿಗೂ ಹೋಗುತ್ತಿದ್ದವು. ಕಡೆಗೆ ಕಡಗೋಲಿನ ಹಲ್ಲುಗಳ ನಡುವೆ ಅಂಟಿ ಉಳಿಯುವ ಬೆಣ್ಣೆ ಇರುತ್ತದಲ್ಲ, ಅದು ಅವರ ಮೊಮ್ಮಗಳದು. ಮಗನ ಮಗಳು, ಮನೆಗೆಲ್ಲ ಒಂದೇ ಕೂಸು. ಮೊಸರು ಕಡೆಯುವ ಸದ್ದು ಬದಲಾದ ಕೂಡಲೇ ಹಾಸಿಗೆಯಿಂದೆದ್ದು, ಕಣ್ಣು ತಿಕ್ಕುತ್ತ ಬಂದು ಬಾಯಿ ತೆರೆದು ನಿಲ್ಲುತ್ತಿದ್ದಳು. ಆಯಿ ಕಡಗೋಲು ಎತ್ತಿ ಹಿಡಿಯುವರು, ಅವಳು ಎರಡೂ ಕೈಯಲ್ಲಿ ಅದನ್ನು ಹಿಡಿದು ಸುತ್ತ ತಿರುಗಿಸಿ ನೆಕ್ಕುವಳು. ಮೂಗಿನ ತುದಿಗೆ, ಹುಬ್ಬಿಗೆ ಬೆಣ್ಣೆ.

ನನ್ನ ಮಗಳದೂ ಅವಳದೂ ಒಂದೇ ವಯಸ್ಸು. ಒಮ್ಮೆ ಇವಳೂ ಹೋಗಿ ಕಡಗೋಲಿಗೆ ಕೈ ಚಾಚಿದಳು. ಆಯಿ ಅವಳ ಅಂಗೈಯಲ್ಲಿ ದೊಡ್ಡದೊಂದು ಉಂಡೆ ಇಟ್ಟರು. "ಉಂಡಿ ಎಷ್ಟ ಬೇಕಾದಷ್ಟ ತಿನ್ನು ನನ್ನವ್ವಾ. ಕಡಗೋಲ ಮಾತ್ರ ಈಕಿದು."

ಆಮೇಲೆ ಮೊಮ್ಮಗಳ ಕೆನ್ನೆಗೆ ಹತ್ತಿದ ಬೆಣ್ಣೆಯನ್ನು ಅಲ್ಲಿಯೇ ತಿಕ್ಕುತ್ತ, ಜೋಗುಳದಂತೆ ಅನ್ನುತ್ತಿದ್ದರು: "ಹಾಲಿನ ಸಾರ ಬೆಣ್ಣ್ಯಾಗ, ಬೆಣ್ಣಿ ಸಾರ ತುಪ್ಪದಾಗ, ತುಪ್ಪದ ಸಾರ ನನ್ನ ಕೂಸಿನ ಮೈಯಾಗ." ಓಣಿಯ ಹೆಂಗಸರಿಗೆಲ್ಲ ಅದು ಬಾಯಿಪಾಠ. ಯಾರ ಮನೆಯಲ್ಲಿ ಎಳೆಗೂಸಿಗೆ ಎಣ್ಣೆ ತಿಕ್ಕಿದರೂ ಆ ಮಾತು ಬರುತ್ತಿತ್ತು.

ಇನ್ನೊಂದು ಎಣ್ಣೆಯ ಮಾತು ಹೇಳಬೇಕು. ನಮ್ಮ ಕಡೆ ಹತ್ತಿಗೆ ಹೊಡೆಯುವ ವಿಷಕ್ಕೆ ಯಾರೂ ವಿಷ ಅನ್ನುವುದಿಲ್ಲ. ಎಣ್ಣಿ ಅನ್ನುತ್ತೇವೆ. ಎಣ್ಣಿ ತಂದ್ರಿ? ಎಣ್ಣಿ ಹೊಡದ್ರಿ? ಕುಸುಬಿ ಎಣ್ಣೆ, ಕೊಬ್ಬರಿ ಎಣ್ಣೆಯ ಸಾಲಿನಲ್ಲೇ ಅದೂ ಒಂದು. ಹೆಸರು ಅಷ್ಟು ಮನೆಯದಾದ ಮೇಲೆ ಅಂಜಿಕೆ ಎಲ್ಲಿಂದ ಬರಬೇಕು? ಆಯಿಯ ಮಗ ಕರೀ ಹೊಲದಲ್ಲಿ ಹತ್ತಿ ಹಾಕುತ್ತಿದ್ದ, ಎಲ್ಲರಂತೆ ಎಣ್ಣಿ ಹೊಡೆಯುತ್ತಿದ್ದ. ಆ ಹತ್ತಿಯ ಸಾಲಿನ ಕಸ, ಬದುವಿನ ಹುಲ್ಲು ಕೊಯ್ದು ಆಯಿ ಎಮ್ಮೆಗೆ ಹಾಕುತ್ತಿದ್ದರು. ಎಮ್ಮೆಗೆ ಉಣ್ಣಿ ಹತ್ತಿದಾಗ ಅದೇ ಎಣ್ಣಿ ಡಬ್ಬಿಯಿಂದ ಒಂದು ಮುಚ್ಚಳ ನೀರಿಗೆ ಬೆರೆಸಿ ತಮ್ಮ ಕೈಯಿಂದಲೇ ಮೈಯೆಲ್ಲ ಸವರುತ್ತಿದ್ದರು. ಆಮೇಲೆ ಬೂದಿಯಿಂದ ಒಮ್ಮೆ, ಸೀಗೆಯಿಂದ ಒಮ್ಮೆ, ಬರೀ ನೀರಿನಿಂದ ಒಮ್ಮೆ ಕೈ ತೊಳೆದು, ಮೂಸಿ ನೋಡಿ, ವಾಸನೆ ಹೋಯಿತೆಂದು ಖಾತ್ರಿಯಾದ ಮೇಲೆಯೇ ಕಡಗೋಲು ಮುಟ್ಟುವರು. ಆಯಿಯಷ್ಟು ಸ್ವಚ್ಛ ಕೈ ನಮ್ಮ ಓಣಿಯಲ್ಲಿ ಇನ್ನೊಂದಿರಲಿಲ್ಲ. ಇದನ್ನು ನಾನು ಬರೆಯಲೇಬೇಕು.

ಮೊಮ್ಮಗಳಿಗೆ ಒಂಬತ್ತು ತುಂಬಿದಾಗ ಕಾಲಿನ ಮೇಲೆ ಪೆಟ್ಟು ಬಿದ್ದಂಥ ನೀಲಿ ಗುರುತುಗಳು ಕಂಡವು. ಎಲ್ಲೋ ಬಿದ್ದಿರಬೇಕು ಅಂದುಕೊಂಡರು. ಮೂಗಿನಲ್ಲಿ ರಕ್ತ ಬಂತು, ಬಿಸಿಲು ಅಂದುಕೊಂಡರು. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ರಕ್ತದ ಬ್ಯಾನಿ, ಕ್ಯಾನ್ಸರ್ ಅಂದರು. "ಯಾಕ ಬಂತ್ರಿ ಸಾಹೇಬ್ರ?" ಎಂದು ಮಗ ಕೇಳಿದನಂತೆ. ಇಂಥದ್ದರಿಂದಲೇ ಬಂತೆಂದು ಹೇಳಲಾಗುವುದಿಲ್ಲ, ಚೆನ್ನಾಗಿ ಉಣ್ಣಿಸಿರಿ, ಕಸುವು ಬೇಕಾಗುತ್ತದೆ ಅಂದರಂತೆ ಡಾಕ್ಟರರು.

ಆಯಿ ಆ ಒಂದು ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದರು. ಸಂತೆಗೆ ಬೆಣ್ಣೆ ಹೋಗುವುದು ನಿಂತಿತು. ರೊಟ್ಟಿಗೆ ತುಪ್ಪ, ಅನ್ನಕ್ಕೆ ತುಪ್ಪ, ಹಾಲಿಗೆ ತುಪ್ಪ. ಹುಡುಗಿ ತೆಳ್ಳಗಾದಷ್ಟೂ ತುಪ್ಪ ದಪ್ಪವಾಯಿತು. ಕಂಬದ ತನಕ ನಡೆದು ಬರುವುದು ಅವಳಿಂದ ಆಗದಾದಾಗ ಆಯಿ ಕಡಗೋಲನ್ನೇ ಹಾಸಿಗೆಗೆ ಒಯ್ದರು. ತೊಟ್ಟಿಕ್ಕುವ ಮಜ್ಜಿಗೆಗೆ ಎಡಗೈ ಒಡ್ಡಿ, ಬಲಗೈಯಲ್ಲಿ ಕಡಗೋಲು ಅವಳ ತುಟಿಗೆ ಹಿಡಿದು, "ಒಂದ ಸಲ ನನ್ನವ್ವಾ, ನಾಲಿಗಿ ಚಾಚ ಸಾಕು" ಅನ್ನುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡೇ ನಾಲಿಗೆ ಚಾಚುತ್ತಿದ್ದಳು. ಆಯಿಯ ಸಲುವಾಗಿ.

ಒಂದು ವರ್ಷವೂ ಪೂರ್ತಿ ಉಳಿಯಲಿಲ್ಲ. ತಮ್ಮ ಹೊಲದ ಬದುವಿನ ಮೂಲೆಯಲ್ಲೇ ಅವಳನ್ನು ಮಣ್ಣು ಮಾಡಿದರು. ಮೂರನೆಯ ದಿನ ಹಾಲು-ತುಪ್ಪ ಎರೆಯುವಾಗ ಆಯಿ ಅವಳಿಗೆಂದು ಇಟ್ಟಿದ್ದ ತುಪ್ಪದ ಭರಣಿಯನ್ನೇ ತಂದರು. ಆ ಪುಟ್ಟ ಮಣ್ಣಿನ ಗುಪ್ಪೆಯ ಮೇಲೆ ಅದನ್ನು ಬೋರಲು ಹಾಕಿ, ಒಳಗೆ ಬೆರಳಾಡಿಸಿ, ಬೆರಳನ್ನೂ ಮಣ್ಣಿಗೆ ಒರೆಸಿದರು. ಒಂದು ಹನಿ ಉಳಿಸಲಿಲ್ಲ.

ಇಷ್ಟಾದರೂ ಆಯಿ ಬದುಕಿದ್ದರು. ಅಂದರೆ, ಮಾತಾಡುತ್ತಿದ್ದರು. "ದೇವರ ಕೊಟ್ಟಿದ್ದ, ದೇವರ ಒಯ್ದ. ನನ್ನ ಕೈಲೆ ಆಗೂದೆಲ್ಲಾ ಉಣಿಸೇನಿ" ಎಂಬುದೊಂದು ಅವರಿಗೆ ಆಸರೆಯಾಗಿತ್ತು. ಕಡಗೋಲು ಮತ್ತೆ ತಿರುಗಿತು. ಗೋಡೆಯಾಚೆ ಗುಮ್ಮ್ ಗುಮ್ಮ್ ಕೇಳಿಸಿತು. ಆ ಆಸರೆಯನ್ನು ಕಿತ್ತವಳು ನಾನು.

ಎರಡು ಮಳೆಗಾಲ ಕಳೆದಿದ್ದವು. ಶಾಲೆಯ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೊಂದು ಸಭೆ. ಕೃಷಿ ಇಲಾಖೆಯಿಂದ ಚಿಕ್ಕ ವಯಸ್ಸಿನ ಅಧಿಕಾರಿಯೊಬ್ಬಳು ಬಂದಿದ್ದಳು. ಒಳ್ಳೆಯ ಹುಡುಗಿ, ಮನಸ್ಸಿಟ್ಟು ಹೇಳುತ್ತಿದ್ದಳು. ಆದರೆ ಆಹಾರ ಸರಪಳಿ, ಜೈವಿಕ ಸಂಚಯನ, ಕೊಬ್ಬಿನಲ್ಲಿ ಕರಗುವ ರಾಸಾಯನಿಕ ಎಂದು ಶುರುವಾದ ಮೇಲೆ ಹಿಂದಿನ ಸಾಲಿನವರು ಬಿಸಿಲು ಎಷ್ಟು ಏರಿತೆಂದು ನೋಡತೊಡಗಿದರು. ನನಗೆ ಅವಳು ಹಿಂದಿನ ದಿನವೇ ಕಾಗದ ಕೊಟ್ಟು ಎಲ್ಲ ತಿಳಿಸಿದ್ದಳು. ನನ್ನ ಕಡೆ ಬಾಗಿ, "ಅಕ್ಕೋರ, ನೀವಽ ನಿಮ್ಮ ಮಾತಿನ್ಯಾಗ ಸ್ವಲ್ಪ ಹೇಳ್ರೆಲಾ" ಅಂದಳು.

ಎದ್ದೆ. ಮಾತು ಬಲ್ಲೆನೆಂಬ ಸೊಕ್ಕು ನನಗಿತ್ತು. ಎದುರಿಗೆ ಮಂದಿ ಕೂತರೆ ಆ ಸೊಕ್ಕಿಗೆ ರೆಕ್ಕೆ ಬರುತ್ತಿತ್ತು.

"ನೋಡ್ರಿ, ಹತ್ತಿಗೆ ಹೊಡದ ಎಣ್ಣಿ ಮಳ್ಯಾಗ ತೊಳದ ಹೋತು ಅಂತೀವಿ. ಹೋಗೂದಿಲ್ಲ. ಈಗ ಬಂದ್ ಆಗ್ಯಾವಲ್ಲ, ಅಂಥಾ ಹಳೀ ಎಣ್ಣಿ ಸೈತ ಇನ್ನೂ ಮಣ್ಣಾಗ ಕುಂತಾವ. ಮಣ್ಣಿನಿಂದ ಹುಲ್ಲಿಗೆ ಒಂದ ಚೂರ ಏರತೈತಿ. ಎಮ್ಮಿ ಏನ ಒಂದ ಕಡ್ಡಿ ತಿಂತೈತೇನು? ಹೊರಿಗಟ್ಲೆ ತಿಂತೈತಿ. ಚೂರ ಚೂರ ಕೂಡಿ ಅದರ ಮೈಯಾಗ ಕುಂಡರತಾವ. ಮೈಯಾಗ ಎಲ್ಲಿ? ಜಿಡ್ಡಿಗೆ ಜಿಡ್ಡಽ ಬಳಗ. ಕೊಬ್ಬಿನ್ಯಾಗ. ಅಲ್ಲಿಂದ ಹೊರಗ ಬರಾಕ ದೊಡ್ಡ ದಾರಿ ಅಂದ್ರ ಒಂದಽ, ಹಾಲು. ಒಂದೊಂದ ಪಾವಟಿಗಿ ಏರಿಧಂಗ ಗಟ್ಟಿ ಆಕ್ಕೋತ ಹೋಗತೈತಿ. ಹಾಲಿನ ಸಾರ ಬೆಣ್ಣ್ಯಾಗ, ಬೆಣ್ಣಿ ಸಾರ ತುಪ್ಪದಾಗ, ತುಪ್ಪದ ಸಾರ..."

ಅಲ್ಲಿ ನಿಲ್ಲಿಸಿದೆ. ಎಲ್ಲಿ ನಿಲ್ಲಿಸಬೇಕೆಂದು ನನಗೆ ಕಲಿಸಿದ್ದರಲ್ಲ.

"ಕೂಸಿನ ಮೈಯಾಗ" ಎಂದು ಇಡೀ ಪಡಸಾಲೆ ಒಂದೇ ದನಿಯಲ್ಲಿ ಅಂದಿತು.

ಅಂದದ್ದೇ ತಡ, ಎಲ್ಲರಿಗೂ ತಿಳಿಯಿತು. ಗುಜುಗುಜು ನಿಂತಿತು. ಅಧಿಕಾರಿ ಹುಡುಗಿ ಖುಷಿಯಿಂದ ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು. ಆಗ ನಾನು ಕಂಬದ ಪಕ್ಕ ನೋಡಿದೆ. ಆಯಿ ಕೂತಿದ್ದರು. ತಮ್ಮ ಮಾತನ್ನು ನಾನು ಸಭೆಯಲ್ಲಿ ಎತ್ತಿದೆನೆಂಬ ಹಿಗ್ಗಿಗೆ ಮೊದಲು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಆ ಸೆರಗು ಇನ್ನೂ ಹಾಗೇ ಇತ್ತು. ಮಡಿಲಲ್ಲಿ ಬಲಗೈ ಅಂಗಾತವಾಗಿ ಬಿದ್ದಿತ್ತು. ಅವರು ಅದನ್ನೇ ನೋಡುತ್ತಿದ್ದರು.

ಮರುದಿನ ಮುಂಜಾನೆ ಗೋಡೆಯಾಚೆ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಆಯಿ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತರು. ಒಳಗೆ ಕರೆದರೂ ಬರಲಿಲ್ಲ.

"ಮೊನ್ನಿ ಹೇಳಿದೆಲಾ, ಅದು ಖರೇ ಏನ?"

"ಅದು ಸುಮ್ನ ಕಥಿ ಮಾಡಿ ಹೇಳಿದ್ನಿರಿ ಆಯಿ. ಮಂದಿಗೆ ತಿಳೀಲಿ ಅಂತ."

"ನಾ ನಿನಗ ಮಾತ ಕಲಿಸೇನಿ ತಂಗಿ. ಸುಳ್ಳ ಕಲಿಸಿಲ್ಲ."

"ನನ್ನ ಮಗಳೂ ನಿಮ್ಮ ಬೆಣ್ಣಿ ತಿಂದಽ ಬೆಳದಾಳಲ್ರಿ. ಆಕಿಗೆ ಏನಾಗೇತಿ? ಇಡೀ ಓಣಿ ತಿಂದೈತಿ" ಅಂದೆ.

"ನಿನ್ನ ಮಗಳಿಗೆ ಕೊಟ್ಟದ್ದು ಉಂಡಿ. ಆಕಿಗೆ ಕೊಟ್ಟದ್ದು ಸಾರ."

"ಡಾಕ್ಟರಿಗೇ ಗೊತ್ತಿಲ್ಲರಿ ಆಯಿ. ಒಂದ ಕೂಸಿಗೆ ಇದರಿಂದನಽ ಆತು ಅಂತ ಯಾರಿಗೂ ಹೇಳಾಕ ಬರೂದಿಲ್ಲ. ಆ ಮೇಡಮ್ಮರೂ ಅದನ್ನಽ ಅಂದ್ರು. ನಾ ಕೇಳೇನಿ."

ಕೇಳಿದ್ದು ನಿಜ. ಸಭೆ ಮುಗಿದ ದಿನವೇ ಆ ಹುಡುಗಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದ್ದೆ. ಆಯಿ ಬಾಗಿಲ ಚೌಕಟ್ಟಿನ ಮೇಲೆ ಆ ನುಣುಪು ಅಂಗೈ ಇಟ್ಟರು.

"ಗೊತ್ತಿಲ್ಲ ಅಂದ್ರ ಅಲ್ಲ ಅಂತ ಅಲ್ಲಲಾ" ಅಂದರು. ತಿರುಗಿ ಹೋದರು.

ಅಂದಿನಿಂದ ಹಾಲೆಲ್ಲ ಕರುವಿಗೆ. ಎಲ್ಲವ್ವನ ಮೀಸಲೂ ನಿಂತಿತು. ಹುಣ್ಣಿಮೆಗೆ ಖಾಲಿ ಗಡಿಗೆ ತೊಳೆದು ಬೋರಲು ಹಾಕಿಟ್ಟರು. "ದೇವರಿಗೆ ಇಡೂದೇನ ಅದನ್ನ? ಆಕೀನೂ ತಾಯಿ" ಅಂದರಂತೆ. ಒಂದು ದಿನ ಕರು ಮೊಲೆ ಗುದ್ದಿ ಗುದ್ದಿ ಕುಡಿಯುವುದನ್ನು ನೋಡುತ್ತ ನಿಂತವರು ನನ್ನನ್ನು ಕಂಡು, "ಎಣ್ಣಿ ಹಾಲಿಗೆ ಇಳಿಸಿ ತಾಯಿ ಹಗರ ಆಗತಾಳ, ಕೂಸ ಭಾರ ಆಗತೈತಿ. ಇದ್ಯಾವ ನ್ಯಾಯನೋ ಏನೋ" ಅಂದರು. ಕರುವನ್ನು ಬಿಡಿಸಲು ಹೋದರು. ಅದು ಬಿಡಲಿಲ್ಲ. ಇವರೂ ಎಳೆಯಲಿಲ್ಲ.

ಅವರ ಮಗ ಮೆತ್ತನೆಯ ಮನುಷ್ಯ. ಅವನೂ ಒಂದು ದಿನ ನನ್ನನ್ನು ದಾರಿಯಲ್ಲಿ ನಿಲ್ಲಿಸಿದ. "ಅಕ್ಕೋರ, ಎಣ್ಣಿ ಹೊಡದಾಂವ ನಾನು. ಬೇಕಿದ್ರ ನನ್ನ ಹೆಸರ ಹಿಡದ ಬೈಬೇಕಿತ್ತು ನೀವು. ಅವ್ವನ ಮಾತ ಯಾಕ ಎತ್ತಿದ್ರಿ?" ಅಂದಿನಿಂದ ಬಹುಕಾಲ ಅವನು ನನ್ನೊಡನೆ ಮಾತಾಡಲಿಲ್ಲ.

ಅವನು ಹೊಲಕ್ಕೆ ಎಣ್ಣಿ ತರುವುದನ್ನು ಬಿಟ್ಟಿದ್ದ. ಹತ್ತಿ ತೆಗೆದು ಜೋಳ ಹಾಕಿದ್ದ. ಆಯಿ ಅದನ್ನು ನೋಡಲು ಹೋಗಲಿಲ್ಲ. ಬ್ಯಾನಿಯೇನೂ ಇರಲಿಲ್ಲ ಅವರಿಗೆ, ಬರೀ ಸಣ್ಣಗಾಗುತ್ತ ಹೋದರು. ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದರು. ಹಾಲು, ಬೆಣ್ಣೆ ಬಾಯಿಗೆ ಹಾಕಲಿಲ್ಲ. ನಾನು ದಿನಾ ಹೋಗಿ ಕಾಲ ಬಳಿ ಕೂರುತ್ತಿದ್ದೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಬೈಯಲಿಲ್ಲ. ಕೊನೆಯ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ತಾವಾಗಿಯೇ ಬಲಗೈ ನನ್ನ ಮುಂದೆ ಚಾಚಿದರು.

ಬೆಣ್ಣೆ ಬಿಟ್ಟು ವರ್ಷದ ಮೇಲಾಗಿತ್ತು. ಆ ಅಂಗೈ ಒಣಗಿ, ಚರ್ಮ ಸುಲಿದು, ಅಲ್ಲಿ ಗೆರೆಗಳು ಮೂಡಿದ್ದವು. ಎಲ್ಲರ ಕೈಯಲ್ಲಿರುವಂಥವೇ ಗೆರೆಗಳು, ಅಡ್ಡ, ಉದ್ದ.

"ಈಗ ಏನೋ ಬರದೈತಿ ನೋಡು. ಓದಾಕ ಬರತೈತೇನ ನಿನಗ?"

"ಇಲ್ಲರಿ ಆಯಿ."

"ಇಷ್ಟ ಸಾಲಿ ಕಲತ?" ಎಂದು ನಕ್ಕರು. ಸಭೆಯ ನಂತರ ನಾನು ಕಂಡ ಒಂದೇ ನಗು ಅದು. ಆಮೇಲೆ ನನ್ನ ಕೈ ಹಿಡಿದುಕೊಂಡು, ಪಕ್ಕದ ಕೋಣೆಯಲ್ಲಿದ್ದ ಮಗನಿಗೂ ಕೇಳುವಂತೆ ಹೇಳಿದರು:

"ನನ್ನನ್ನ ಆಕಿ ಮಗ್ಗಲದಾಗಽ ಇಡ್ರಿ. ಆದ್ರ ಮೂರನೇ ದಿನಕ್ಕ ತುಪ್ಪ ಎರೀಬ್ಯಾಡ್ರಿ. ಬರೇ ನೀರ ಹಾಕ್ರಿ. ಆ ಮಣ್ಣಾಗ ಹುಲ್ಲ ಹುಟ್ಟತೈತಿ. ಹುಲ್ಲ ಯಾರದರ ಎಮ್ಮಿ ತಿಂತೈತಿ. ಆ ಮನ್ಯಾಗೂ ಒಂದ ಕೂಸ ಇರತೈತಿ."

ಹದಿನೈದು ದಿನಕ್ಕೆ ಹೋದರು. ಮೂರನೆಯ ದಿನ ಹಿರಿಯರೊಬ್ಬರು ತುಪ್ಪದ ಬಟ್ಟಲು ಮುಂದೆ ಮಾಡಿದಾಗ ಮಗ ಅವರ ಕೈ ಹಿಡಿದು ತಡೆದ. ತಂಬಿಗೆಯ ನೀರು ಎರೆದ. ಪದ್ಧತಿ ಮುರಿಯಿತೆಂದು ಮಂದಿ ಆಡಿಕೊಂಡರು. ನಾನು ಅಂದು ಬಾಯಿ ತೆರೆಯಲಿಲ್ಲ. ಆಮೇಲೂ ಯಾವ ಸಭೆಯಲ್ಲಿಯೂ ಎದ್ದು ನಿಂತಿಲ್ಲ. ಅವರು ಕೊಟ್ಟ ಮಾತು ನನ್ನ ಬಾಯಲ್ಲಿದೆ. ಆಡಿದಾಗಲೆಲ್ಲ ಚೆಂ‍ದವಾಗಿಯೇ ಬರುತ್ತದೆ, ಅದೇ ನನಗೆ ಅಂಜಿಕೆ.

ಈ ವರ್ಷ ಮಳೆ ಹಿಡಿದು ಎಂಟು ದಿನಕ್ಕೆ ಆ ಬದುವಿಗೆ ಹೋಗಿದ್ದೆ. ದೊಡ್ಡ ಗುಪ್ಪೆ, ಸಣ್ಣ ಗುಪ್ಪೆ ಎರಡರ ಮೇಲೂ ಹುಲ್ಲು ಬಂದಿತ್ತು. ತುಪ್ಪ ಕುಡಿದ ಸಣ್ಣ ಗುಪ್ಪೆಯ ಮೇಲೆ ಆಯಿಯ ಮಗ ಮೊಣಕಾಲೂರಿ ಕೂತು ಹುಲ್ಲು ಕೀಳುತ್ತಿದ್ದ. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದ. ನಾನೂ ಕೂತೆ. ಬೇರು ಸಹಿತ, ಒಂದು ಎಸಳೂ ಉಳಿಯದಂತೆ ಇಬ್ಬರೂ ಕಿತ್ತೆವು. ಮುಗಿದಾಗ ಅವನ ಮಡಿಲಲ್ಲೊಂದು ಹೊರೆ, ನನ್ನ ಸೆರಗಿನಲ್ಲೊಂದು ಹೊರೆ ಹಸಿ ಹುಲ್ಲು. ಎದ್ದು ನಿಂತೆವು. ಸುತ್ತಲೂ ಹೊಲ, ಅದರಾಚೆ ಇನ್ನೊಬ್ಬರ ಹೊಲ, ತಗ್ಗಿನಲ್ಲಿ ಹಳ್ಳ, ಹಳ್ಳದ ದಂಡೆಯಲ್ಲಿ ಯಾರದೋ ಎಮ್ಮೆಗಳು.

"ಎಲ್ಲಿ ಹಾಕೂನ್ರಿ ಅಕ್ಕೋರ ಇದನ್ನ?" ಅಂದ ಅವನು.

ಹುಲ್ಲು ಹಿಡಿದುಕೊಂಡು ಇಬ್ಬರೂ ಅಲ್ಲಿಯೇ ನಿಂತೆವು.